ಎದುರಾಳಿಗೂ ಕನ್ನಡ ಬರುತ್ತಿತ್ತು

"ಅಜ್ಜೀ, ನನ್ನ ಬ್ಯಾಕ್‌ಹ್ಯಾಂಡ್ ಏನ್ ವೀಕ್ ಇಲ್ರಿ," ಎಂದು ಎದುರಾಳಿ ಹುಡುಗಿ ನನ್ನತ್ತ ತಿರುಗಿ ಹೇಳಿದಾಗ, ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಶಾಲೆಗಳ ಬ್ಯಾಡ್ಮಿಂಟನ್ ಪಂದ್ಯ. ಗೆದ್ದರೆ ನನ್ನ ಮೊಮ್ಮಗಳು ಇಶಾ ಸೆಮಿಫೈನಲ್‌ಗೆ. ಪ್ರೇಕ್ಷಕರು ಸಲಹೆ ಕೂಗಿದರೆ ಆಟಗಾರರಿಗೆ ಒಂದು ಪಾಯಿಂಟ್ ದಂಡ ಎಂದು ಬಾಗಿಲಲ್ಲೇ ಬೋರ್ಡಿತ್ತು. ಅದು ಇಂಗ್ಲಿಷ್ ಮತ್ತು ತೆಲುಗಿನಲ್ಲಿದ್ದುದರಿಂದ ಕನ್ನಡಕ್ಕೆ ಆ ರೂಲ್ ಇಲ್ಲವೆಂದು ನಾನೇ ತೀರ್ಮಾನಿಸಿದ್ದೆ. ಈ ಊರಿನ ಆಟೋಗಳಲ್ಲಿ, ಅಂಗಡಿಗಳಲ್ಲಿ ಮನೆಯ ಗುಟ್ಟನ್ನೆಲ್ಲ ಕನ್ನಡದಲ್ಲೇ ಧೈರ್ಯವಾಗಿ ಆಡಿ ನಮಗೆ ರೂಢಿ. ಹಾಗೆಯೇ, "ಆಕಿ ಬ್ಯಾಕ್‌ಹ್ಯಾಂಡ್ ಭಾಳ ವೀಕ್ ಐತಿ, ಅಲ್ಲೇ ಹೊಡಿ," ಎಂದು ಕೂಗುತ್ತಿದ್ದೆ.

ಅಂಪೈರ್ ಹತ್ತಿರ ಬಂದು, "ಕ್ಯಾ ಬೋಲ್ರೈಂ ಅಮ್ಮಾ?" ಎಂದು ನಾನು ಕೂಗಿದ್ದೇನೆಂದು ಇಲ್ಲಿನ ಹಿಂದಿಯಲ್ಲಿ ಕೇಳಿದರು. ಇಶಾಳ ಪಾಯಿಂಟ್ ಹೋಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟರಲ್ಲಿ ಅದೇ ಹುಡುಗಿ, "ಕುಛ್ ನೈ ಸರ್, ಆಶೀರ್ವಾದ್ ದೇರೈಂ," ಎಂದು ನಾನು ಬರೀ ಆಶೀರ್ವಾದ ಮಾಡುತ್ತಿದ್ದೆನೆಂದು ಹೇಳಿಬಿಟ್ಟಳು. ಆಮೇಲೆ ಬ್ಯಾಕ್‌ಹ್ಯಾಂಡಿನಿಂದಲೇ ಸಾಲಾಗಿ ಮೂರು ಪಾಯಿಂಟ್ ಹೊಡೆದು ಇಶಾಳನ್ನು ಸೋಲಿಸಿದಳು. "ಕ್ಲ್ಯಾಪ್ ಫಾರ್ ಬೋತ್ ಸೈಡ್ಸ್, ಗರ್ಲ್ಸ್," ಎನ್ನುತ್ತಿದ್ದ ನಮ್ಮ ಕಾನ್ವೆಂಟಿನ ಸಿಸ್ಟರ್ ಎಷ್ಟೋ ವರ್ಷಗಳ ಮೇಲೆ ನೆನಪಾದರು. ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಮನೆಗೆ ಮರಳುವಾಗ ಮೆಟ್ರೋ ಬೇಗಂಪೇಟೆ ದಾಟುವವರೆಗೂ ಇಶಾ ಕಿಟಕಿಯತ್ತ ತಿರುಗಿ ಕೂತಿದ್ದಳು. ಆಮೇಲೆ, "ಮುಂದಿನ ಸಲ ಬಾಯಾಗ ಏನರ ಹಾಕ್ಕೊಂಡು ಕೂಡು ಅಜ್ಜಿ," ಎಂದಳು. ಈಗ ಪ್ರತಿ ಮ್ಯಾಚಿಗೂ ಶೇಂಗಾ ಚಿಕ್ಕಿ ಒಯ್ಯುತ್ತೇನೆ. ಕಟ್ಟಿಸಿದ ಹಲ್ಲಿಗೆ ಅದು ಅಂಟಿಕೊಂಡರೆ, ಅರ್ಧ ಗೇಮಿನವರೆಗೆ ನನ್ನಂಥ ಪರ್ಫೆಕ್ಟ್ ಪ್ರೇಕ್ಷಕಿ ಇಡೀ ಹೈದರಾಬಾದಿನಲ್ಲಿ ಇನ್ನೊಬ್ಬಳಿಲ್ಲ.