ಅತ್ತೆ ತೆಗೆದ ಗಾಜಿನ ಬಾಗಿಲು

ಆ ಬಾಗಿಲು ಈಗ ಗಟ್ಟಿಯಾಗಿ ನಿಂತಿದೆ. ಆದರೂ ಗಾಳಿ ಬೀಸಿ ಗಾಜು ಸಣ್ಣಗೆ ಅದುರಿದಾಗಲೆಲ್ಲ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಅದರ ಮೇಲ್ಪಟ್ಟಿಯನ್ನು ನೋಡುತ್ತೇನೆ. ಒಂದು ಬೆರಳಷ್ಟು ಒಳಕ್ಕೆ ವಾಲಿದಂತೆ ಕಾಣುತ್ತದೆ. ಕಣ್ಣು ಮುಚ್ಚಿ ತೆರೆದರೆ ನೆಟ್ಟಗಿರುತ್ತದೆ. ಡಿಗ್ರಿಯಲ್ಲಿ ಭೌತಶಾಸ್ತ್ರ ಓದಿದವಳು ನಾನು. ಸಿಮೆಂಟು ಕಚ್ಚಿ ಹಿಡಿದ ಚೌಕಟ್ಟು ಹಾಗೆಲ್ಲ ವಾಲುವುದಿಲ್ಲವೆಂದು ಗೊತ್ತು. ಗೊತ್ತಿದ್ದರೂ ಎದ್ದು ಹೋಗಿ ಚೌಕಟ್ಟನ್ನು ಒಮ್ಮೆ ತಳ್ಳಿ ನೋಡುತ್ತೇನೆ.

ಬಾಗಿಲು ಬೇಕಾಗಿದ್ದು ಅತ್ತೆಗೆ. ಹೊಸದುರ್ಗದ ಕಡೆಯ ಹಳ್ಳಿಯಲ್ಲಿ ಕುರಿ ಕಾಯುತ್ತ ಬೆಳೆದವರು. ಚಿತ್ರದುರ್ಗದ ನಮ್ಮ ಮನೆಗೆ ಬಂದ ಮೇಲೂ ಊಟ, ನಿದ್ದೆ ಬಿಟ್ಟರೆ ಒಳಗೆ ಕೂತವರಲ್ಲ. ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಕೈಗೆ ವಾಕರ್ ಬಂತು. ಮುಂಬಾಗಿಲಿನ ಎತ್ತರದ ಹೊಸ್ತಿಲನ್ನೂ ಅದರಾಚೆಯ ಮೆಟ್ಟಿಲುಗಳನ್ನೂ ದಾಟಲು ಪ್ರತಿಸಲ ನಾನೋ ನನ್ನ ಗಂಡನೋ ತೋಳು ಹಿಡಿಯಬೇಕಾಗುತ್ತಿತ್ತು. ಬರಬರುತ್ತ ಅವರು ಕರೆಯುವುದನ್ನೇ ಬಿಟ್ಟರು. ತಮ್ಮ ಕೋಣೆಯ ಕಿಟಕಿಯ ಸರಳು ಹಿಡಿದು, ಹಿತ್ತಲನ್ನೂ ಅದರಾಚೆಯ ಜೋಗಿಮಟ್ಟಿ ಗುಡ್ಡವನ್ನೂ ನೋಡುತ್ತ ಕೂರತೊಡಗಿದರು. ಒಂದು ದಿನ ತಟ್ಟೆ ತೆಗೆದುಕೊಂಡು ಹೋದಾಗ, ತಿರುಗದೆಯೇ ಅಂದರು: "ಕುರಿನಾದ್ರೂ ಬೆಳಿಗ್ಗೆ ಹಟ್ಟಿಯಿಂದ ಹೊರಗೆ ಬಿಡ್ತಾರೆ ಕಣಮ್ಮ."

ಕಿಟಕಿ ಒಡೆದು ಅಲ್ಲೊಂದು ಬಾಗಿಲು ಇಡಿಸೋಣ, ಯಾರ ಕೈಯೂ ಬೇಡದೆ ಅವರೇ ತೆಗೆದುಕೊಂಡು ಹೋಗುವಂಥದ್ದು ಎಂದು ಅವತ್ತೇ ಗಂಡನಿಗೆ ಹೇಳಿದೆ. ಹಿತ್ತಲಿನ ನೆಲ ಕೋಣೆಯ ಮಟ್ಟಕ್ಕೇ ಇದ್ದುದರಿಂದ ಅಲ್ಲಿ ಮೆಟ್ಟಿಲಿನ ಗೋಜಿರಲಿಲ್ಲ.

ಮೂವರೂ ಬಾಗಿಲಿನ ಅಂಗಡಿಗೆ ಹೋದೆವು. ಅಂಗಡಿಯವರು ಪಕ್ಕಕ್ಕೆ ಸರಿಸುವ ಬಾಗಿಲು ತೋರಿಸಿ, "ಈಗೆಲ್ಲಾ ಇದೇ ಓಡ್ತಿರೋದು ಮೇಡಂ" ಅಂದರು. ಅತ್ತೆ ವಾಕರ್ ಊರಿಕೊಂಡು ಅದನ್ನು ದಾಟಲು ಹೋದರು. ಕೆಳಗಿನ ಕಂಬಿಯ ಸಂದಿಗೆ ವಾಕರಿನ ಕಾಲು ಸಿಕ್ಕಿಕೊಂಡಿತು. "ಅದು ಓಡ್ಲಿ ಬಿಡಪ್ಪ, ನಾನು ಓಡ್ಬೇಕಲ್ಲ" ಅಂದು ಮುಂದಕ್ಕೆ ನಡೆದರು. ಮೂಲೆಯಲ್ಲಿ ಎರಡು ಕದದ, ನಡುಮಟ್ಟದವರೆಗೆ ಮರ, ಮೇಲೆ ಗಾಜು ಇರುವ ಬಾಗಿಲು ನಿಂತಿತ್ತು. ಫ್ರೆಂಚ್ ಡೋರ್ ಎಂದು ಅಂಗಡಿಯವರು ಪರಿಚಯಿಸಿದರು. ಅತ್ತೆ ವಾಕರಿನಿಂದಲೇ ಅದನ್ನು ತಳ್ಳಿದರು. ಎರಡೂ ಕದ ಒಟ್ಟಿಗೆ ಆಚೆಗೆ ತೆರೆದುಕೊಂಡವು.

"ಫ್ರೆಂಚೂ ಇಲ್ಲ ಗಿಂಚೂ ಇಲ್ಲ, ನಮ್ಮ ಕಡೆ ಜೋಡಿ ಬಾಗ್ಲೇ ಇದು. ಗಾಜು ಹಾಕವ್ರೆ ಅಷ್ಟೆ. ಇಂಥದ್ದೇ ಮಾಡ್ಸಾಣ."

ಮಾಡಲು ಒಪ್ಪಿದ್ದು ಹೊಳಲ್ಕೆರೆಯ ಬಡಗಿ ಆಚಾರ್ರು. ತೇಗದ ಚೌಕಟ್ಟು, ಒಡೆದರೆ ಚೂಪು ಚೂರಾಗದೆ ಕಾಳುಕಾಳಾಗಿ ಉದುರುವ ಗಾಜು. ಹೊಸ್ತಿಲಿನ ವಿಷಯದಲ್ಲಿ ಮಾತ್ರ ಆಚಾರ್ರು ತಲೆ ಕೆರೆದುಕೊಂಡರು. ಹೊಸ್ತಿಲಿಲ್ಲದ ಬಾಗಿಲು ಇಡುವುದು ಹೇಗೆ? ಹೊಸ್ತಿಲಿದ್ದರೆ ವಾಕರ್ ದಾಟುವುದು ಹೇಗೆ? ತೀರ್ಮಾನ ಕೊಟ್ಟಿದ್ದು ಅತ್ತೆಯೇ: "ನೆಲಕ್ಕೆ ಸಮ ಹುಗೀರಿ. ಲಕ್ಷ್ಮಿ ಏನು ಎತ್ತರ ನೋಡ್ಕಂಡು ಕುಂತ್ಕಂತಾಳಾ?"

ಆಷಾಢ ಹುಟ್ಟಿದರೆ ಬಾಗಿಲು ಇಡುವಂತಿಲ್ಲ. ಹಾಗಾಗಿ ಜ್ಯೇಷ್ಠ ಮುಗಿಯುವ ಮುಂಚೆ ಎಂದು ಅವಸರ ಮಾಡಿದೆವು. ಅದು ನಮ್ಮೂರಿನ ಗಾಳಿ ಹಗ್ಗ ಬಿಚ್ಚಿಕೊಂಡು ಬರುವ ಕಾಲ; ಗುಡ್ಡದ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಕದಗಳನ್ನು ಸೇರಿಸಿಕೊಂಡೇ ಚೌಕಟ್ಟು ಟೆಂಪೋದಲ್ಲಿ ಬಂತು. ಗೋಡೆಯಲ್ಲಿ ಅದನ್ನು ನಿಲ್ಲಿಸಿ, ಸಂದಿಗೆ ಮರದ ಬೆಣೆ ಹೊಡೆದು, ಆಚಾರ್ರು ಒಳಗಿನಿಂದ ಎರಡು ಕೋಲುಗಳನ್ನು ಅಡ್ಡಡ್ಡ ಆಸರೆಯಾಗಿ ಕೊಟ್ಟರು. ಪೂಜೆಯಾಗದೆ ಸಿಮೆಂಟು ತುಂಬುವ ಪದ್ಧತಿ ನಮ್ಮಲ್ಲಿಲ್ಲ.

ಅತ್ತೆ ಕೋಣೆಯೊಳಗೆ ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ವಾಕರನ್ನು ಎದುರಿಗಿಟ್ಟುಕೊಂಡು ಕೂತರು. ಅರಿಶಿನ ಕಲೆಸುತ್ತ ತಲೆ ಎತ್ತಿದರು.

"ಏನ್ರಿ ಆಚಾರ್ರೇ, ಬಾಗ್ಲಿಗೆ ಅಡ್ಡಗಟ್ಟಿ ಪೂಜೆ ಮಾಡ್ತಾರೇನ್ರಿ?"

"ಹೌದಲ್ರಿ ಅಜ್ಜಿ, ಅದು ಚಂದ ಕಾಣಲ್ಲ" ಅಂದರು ಆಚಾರ್ರು. ಕಾಯಿ ಹಿಡಿದು ಹಿತ್ತಲಲ್ಲಿ ನಿಂತಿದ್ದ ನನ್ನ ಗಂಡ, "ಐದು ನಿಮಿಷ ತಾನೆ, ತೆಗೀರಿ" ಎಂದು ಕೂಗಿದ. ನನಗೂ ಅದು ಸರಿಯೆಂದೇ ತೋರಿತು. ಕೋಲುಗಳು ಮೂಲೆ ಸೇರಿದವು. ಎರಡೂ ಕದ ಸೇರುವ ಜಾಗಕ್ಕೆ ಕುಂಕುಮ ಇಡಬೇಕೆಂದು ಬಾಗಿಲನ್ನು ಮುಚ್ಚಿ ಚಿಲಕ ಹಾಕಿದರು.

ನಾನು ಆರತಿ ತಟ್ಟೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದೆ. ಮೊದಲು ಕೇಳಿಸಿದ್ದು ಗಾಳಿಯಲ್ಲ, ಬೆಣೆಯೊಂದು ನೆಲಕ್ಕೆ ಟಕ್ಕೆಂದು ಬಿದ್ದ ಸದ್ದು. ಅಷ್ಟು ದೊಡ್ಡ ಬಾಗಿಲು ಹಾಯಿಯಂತೆ ಗಾಳಿ ತುಂಬಿಕೊಂಡು, ಮೇಲಿನಿಂದ ನಿಧಾನವಾಗಿ ಒಳಕ್ಕೆ ಬಾಗತೊಡಗಿತು. ನಿಧಾನ ಎಂದು ಬರೆಯುತ್ತಿದ್ದೇನೆ. ನನ್ನ ಕಣ್ಣಿಗೆ ಅದು ಇವತ್ತಿಗೂ ಹಾಗೆಯೇ ಕಾಣುವುದು. ಮೇಲ್ಪಟ್ಟಿಗೆ ಕಟ್ಟಿದ್ದ ನವಧಾನ್ಯದ ಹಳದಿ ಗಂಟು ಅತ್ತೆಯ ತಲೆಯ ಮೇಲೆ ತೂಗಾಡಿತು.

ಅತ್ತೆ ಕೂಗಲೂ ಇಲ್ಲ, ಏಳಲೂ ಹೋಗಲಿಲ್ಲ. ಅರಿಶಿನದ ಕೈಯಲ್ಲೇ ವಾಕರನ್ನು ಗಬಕ್ಕನೆ ಹಿಡಿದು, ಮುನ್ನುಗ್ಗಿ ಬರುವ ಟಗರಿಗೆ ಕೋಲು ಕೊಟ್ಟು ತಡೆಯುವವರಂತೆ ಮುಂದಕ್ಕೆ ಒತ್ತಿದರು. ಕದಗಳ ನಡುಪಟ್ಟಿ ಬಂದು ವಾಕರಿಗೆ ಬಡಿಯಿತು. ಕುರ್ಚಿ ಹಿಂದಕ್ಕೆ ಜಾರಿ ಮಂಚಕ್ಕೆ ತಗುಲಿ ನಿಂತಿತು. ಬಲಗಡೆ ಕದದ ಗಾಜು ಸಿಡಿದು ಕಲ್ಲುಸಕ್ಕರೆಯಂತೆ ಅವರ ಮಡಿಲಿಗೆ ಸುರಿಯಿತು. ಅಷ್ಟರಲ್ಲಿ ಆಚಾರ್ರು ಹೆಗಲು ಕೊಟ್ಟರು. ಗಂಡ ಹೊರಗಿನಿಂದ ಹಿಡಿಕೆಗಳಿಗೆ ಜೋತುಬಿದ್ದು ಎಳೆದ. ಚೌಕಟ್ಟು ಮತ್ತೆ ನೆಟ್ಟಗಾಯಿತು.

ಆರತಿ ತಟ್ಟೆ ನನ್ನ ಕೈಯಲ್ಲೇ ಇತ್ತು, ದೀಪ ಆರಿತ್ತು. ಅತ್ತೆಗೆ ಬೆರಳಿನ ಗಿಣ್ಣು ತರಚಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ನಾನು ನೆಲದ ಮೇಲೆ ಕೂತು ಅವರ ಸೀರೆಯಿಂದ ಗಾಜಿನ ಕಾಳು ಆರಿಸುತ್ತಿದ್ದೆ. ಗಂಡ ಒಳಗೆ ಬಂದವನೇ, "ಈ ಬಾಗ್ಲೂ ಬ್ಯಾಡ, ಏನೂ ಬ್ಯಾಡ. ನಾಳೆನೇ ಇಟ್ಟಿಗೆ ತರ್ಸಿ ಗೋಡೆ ಕಟ್ಟಿಸ್ತೀನಿ" ಅಂದ. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಹೂಂ ಅಂದುಬಿಟ್ಟೆ.

"ಲೇ, ಗಾಳಿಗೆ ಹೆದ್ರಿ ನನ್ನ ಗೋಡೆ ಒಳಗೆ ಇಡ್ತೀಯೇನ್ಲೇ?" ಅತ್ತೆಯ ದನಿ ಮೊದಲ ಸಲ ಏರಿತು. "ಬಿದ್ದಿದ್ರೆ ಬಾಗ್ಲು ಬೀಳ್ತಿತ್ತು. ನಾನು ಅಲ್ಲಿ ಕಿಟಕಿ ಹಿಡ್ಕಂಡು ದಿನಾ ಬೀಳ್ತಿದ್ನಲ್ಲ, ಅದು ಯಾರಿಗಾದ್ರೂ ಕಾಣ್ತಾ?"

ಅತ್ತೆ ಆಚಾರ್ರ ಕಡೆ ತಿರುಗಿದರು. ಆಚಾರ್ರು ಇನ್ನೂ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದರು, ಮುಖ ಬೂದಿಯಾಗಿತ್ತು.

"ಆ ಕೋಲು ಹಾಕ್ರಿ ಮತ್ತೆ. ನಾಲ್ಕು ಹಾಕ್ರಿ."

"ಪೂಜೆ, ಅಜ್ಜಿ...?"

"ಲಕ್ಷ್ಮಿ ಬಗ್ಗಿ ಬರ್ತಾಳೆ ಬಿಡ್ರಿ. ನನಗಿಂತ ವಯಸ್ಸು ಚಿಕ್ಕದು ಅವಳ್ದು."

ಆಚಾರ್ರು ಮೊದಲು ನಕ್ಕರು, ಆಮೇಲೆ ಕಣ್ಣು ಒರೆಸಿಕೊಂಡರು. ಅಡ್ಡಗೋಲುಗಳ ಸಂದಿಯಲ್ಲೇ ಕೈ ತೂರಿಸಿ ಅತ್ತೆ ಕುಂಕುಮವಿಟ್ಟರು. ದೀಪ ಹಚ್ಚಲು ನನಗೆ ಕಡ್ಡಿ ಮೇಲೆ ಕಡ್ಡಿ ಬೇಕಾಯಿತು. ಸಂಜೆಯೊಳಗೆ ಸುತ್ತಲೂ ಸಿಮೆಂಟು ಬಿತ್ತು. ಅದು ಒಣಗುವವರೆಗೆ ಕೋಲುಗಳನ್ನು ಯಾರೂ ಮುಟ್ಟಕೂಡದೆಂದು ನಾನೇ ಕಾವಲು ಕೂತೆ.

ಹೊಸ ಗಾಜು ಬಂದು ಕೂತ ದಿನವೂ ಗಾಳಿ ಕಡಿಮೆಯಿರಲಿಲ್ಲ. ಅತ್ತೆ ವಾಕರ್ ಊರಿಕೊಂಡು ಬಾಗಿಲ ಮುಂದೆ ಬಂದು ನಿಂತರು. ನಾನು ಹಿಂದೆಯೇ ಕೈ ಚಾಚಿಕೊಂಡು ಹೋದೆ. "ಯಾರೂ ಬರ್ಬ್ಯಾಡ್ರಿ" ಅಂದರು. ಚಿಲಕ ತೆಗೆದು ತಳ್ಳಿದರು. ಗಾಳಿ ಆಚೆಯಿಂದ ತಳ್ಳಿತು. ಕದ ಅರ್ಧ ತೆರೆದು ಮತ್ತೆ ಮುಚ್ಚಿಕೊಂಡಿತು. ನನ್ನ ಕಣ್ಣು ಮೇಲ್ಪಟ್ಟಿಗೆ ಹೋಯಿತು. ಎರಡನೆಯ ಸಲ ಅವರು ವಾಕರನ್ನು ಕದಕ್ಕೆ ಕೊಟ್ಟು, ಭುಜ ಬಾಗಿಸಿ ತಳ್ಳಿದರು. ಎರಡೂ ಕದ ಅಗಲವಾಗಿ ತೆರೆದುಕೊಂಡವು. ಒಂದೊಂದನ್ನೇ ಗೋಡೆಯ ಕೊಂಡಿಗೆ ಸಿಕ್ಕಿಸಿದರು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಹಿತ್ತಲಿನ ಬಿಸಿಲಿಗೆ ನಡೆದರು.

ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯಾಕೆ ಬೆರಗಾಗಿ ಕೇಳಿದಳು: "ಏನಜ್ಜಿ, ಹೊರಗೆ ಬಂದೀರಾ! ಯಾರು ಕರ್ಕಂಡು ಬಂದ್ರು?"

"ಯಾರು ಕರ್ಕಂಡು ಬರ್ಬೇಕು? ನಾನೇ ಬಂದೆ."

ಮಧ್ಯಾಹ್ನ ಊಟಕ್ಕೆ ಕರೆದೆ, ಬರಲಿಲ್ಲ. ತಟ್ಟೆಯನ್ನು ನಾನೇ ಹೊರಗೆ ತೆಗೆದುಕೊಂಡು ಹೋದೆ.