ಬದುಕಿದ್ದ ಅಮ್ಮನಿಗೊಂದು ಶೋಕಗೀತೆ

ಮಧುಗಿರಿಯ ಕವಿಗೋಷ್ಠಿಯಲ್ಲಿ ನಾನು ತೀರಿಹೋದ ಅಮ್ಮನ ಬಗ್ಗೆ ಒಂದು ಕವನ ಓದಿದೆ. ಆರಿದ ಒಲೆ, ಗೂಟದಲ್ಲಿ ನೇತಾಡುವ ಸೀರೆ, ಬಾಗಿಲು ತೆರೆದರೆ ಯಾರೂ ಮಾತಾಡಿಸದ ಮನೆ, ಎಲ್ಲ ಇತ್ತು. ಚಪ್ಪಾಳೆಯೂ ಬಿತ್ತು.

ವೇದಿಕೆ ಇಳಿದಾಗ ಹಿಂದಿನ ಸಾಲಿನ ಹೆಂಗಸೊಬ್ಬರು ಬಂದು ಕೈ ಹಿಡಿದುಕೊಂಡರು. ಐ.ಡಿ.ಹಳ್ಳಿಯವರು. ತಾಲ್ಲೂಕು ಕಚೇರಿಗೆ ಕೆಲಸಕ್ಕೆಂದು ಬಂದವರು, ಅಲ್ಲಿಯವರು ಊಟಕ್ಕೆ ಹೋಗಿದ್ದರಿಂದ, ಫ್ಯಾನಿನ ಕೆಳಗೆ ಕೂರೋಣವೆಂದು ಒಳಗೆ ಬಂದಿದ್ದರಂತೆ. ಅವರ ಕಣ್ಣು ಕೆಂಪಾಗಿತ್ತು.

"ನಮ್ಮವ್ವ ಹೋಗಿ ಆರು ತಿಂಗ್ಳಾತು ಕಣಪ್ಪ. ನೀನು ಓದ್ತಿದ್ರೆ ನಮ್ಮನೇನೇ ಕಂಡಂಗಾತು. ನಿಮ್ಮವ್ವ ಯಾವಾಗ ಹೋಗಿದ್ದು?"

ಆ ಕಣ್ಣು ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. "ಶಿರಾದಲ್ಲಿ ಚೆನ್ನಾಗೇ ಇದಾಳೆ. ಹಿಂಗೆ ಬರೆದ್ರೆ ಕವನಕ್ಕೆ ತೂಕ ಬರುತ್ತೆ ಅಂತ..." ಎಂದೆ.

ಅವರು ಕೈ ಬಿಟ್ಟರು. "ಬದುಕಿರೋಳ್ನ ಮೈಕಲ್ಲಿ ಸಾಯ್ಸ್‌ಬುಟ್ಯಾ? ಮೊದ್ಲು ಫೋನ್ ಮಾಡು!"

ಮಾಡಿದೆ. ಅಮ್ಮ ಎತ್ತಿದ್ದೇ ತಡ, ಅವರು ಫೋನ್ ಕಿತ್ತುಕೊಂಡು ನಡೆದದ್ದನ್ನೆಲ್ಲ ಒಪ್ಪಿಸಿಬಿಟ್ಟರು. ಸ್ಪೀಕರ್ ಆನ್ ಆಗಿತ್ತು.

ಎಲ್ಲ ಮುಗಿದ ಮೇಲೆ ಅಮ್ಮ ಕೇಳಿದಳು: "ಯಾರಾದ್ರೂ ಅತ್ರಾ?"

"ನಾನೇ ಅತ್ಬಿಟ್ಟೆ ಕಣಮ್ಮ," ಎಂದರು ಅವರು.

"ಯಾಕವ್ವ? ನಿಮ್ಮನೇಲಿ ಯಾರು ಹೋದ್ರು?"

ಇಷ್ಟು ಕೇಳಿದ್ದೇ ಸಾಕಾಯಿತು. ಅವರು ಅಲ್ಲೇ ಕುರ್ಚಿ ಎಳೆದು ಕೂತು ತಮ್ಮವ್ವನ ಕಥೆ ಹೇಳತೊಡಗಿದರು. ಅತ್ತರು, ನಡುನಡುವೆ ನಕ್ಕರು. ಅಮ್ಮ ಹೂಂಗುಟ್ಟುತ್ತಿದ್ದಳು.

ಕೊನೆಗೆ ಫೋನ್ ನನ್ನ ಕೈಗೆ ಬಂದಾಗ ಅಮ್ಮ ಕಟ್ ಮಾಡಿಬಿಟ್ಟಿದ್ದಳು. ತನ್ನನ್ನೇ ಸಾಯಿಸಿದ ಮಗನ ಜೊತೆ ಅವಳಾದರೂ ಏನು ಮಾತಾಡಿಯಾಳು?