ಕಾಶಿಯಲ್ಲಿ ಬಿಟ್ಟ ಕಾಫಿ

ನಮ್ಮತ್ತೆ ಕಾಫಿ ಬಿಟ್ಟವರು ಅನ್ನುವುದನ್ನು ಮನೆಮಂದಿಯೆಲ್ಲ ಮರೆತೇಬಿಟ್ಟಿದ್ದೆವು. ಮರೆಯದೆ ಇನ್ನೇನು? ಟೆಕ್ಸಸ್‌ನ ಮೆಕಿನ್ನಿ ಊರಿನ ನಮ್ಮ ಅಡುಗೆಮನೆಯಲ್ಲಿ ನಾನು ಡಿಕಾಕ್ಷನ್ ಇಳಿಸುವ ಹೊತ್ತಿಗೆ ಅವರು ಬಿಸಿ ಹಾಲಿಗೆ ಒಂದು ಚಿಟಿಕೆ ಅರಿಶಿನ ಹಾಕಿಕೊಂಡು ಕುಡಿದು ದೇವರ ಮುಂದೆ ಕೂತಿರುತ್ತಿದ್ದರು. ವರ್ಷಗಟ್ಟಲೆ ಹಾಗೇ ನಡೆದರೆ ಅದು ವ್ರತ ಅಂತ ಯಾರಿಗೆ ನೆನಪಿರುತ್ತೆ? ಅತ್ತೆ ಅಂದರೆ ಅರಿಶಿನದ ಹಾಲು, ಅಷ್ಟೇ.

ಮಾವ ತೀರಿಕೊಂಡ ಮೇಲೆ ಅಸ್ಥಿ ಬಿಡಲು ಎಲ್ಲರೂ ಕಾಶಿಗೆ ಹೋಗಿದ್ದೆವು. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಪದಾರ್ಥವನ್ನು ಅಲ್ಲಿ ಬಿಟ್ಟು ಬರಬೇಕು, ಆಮೇಲೆ ಜನ್ಮದಲ್ಲಿ ಅದನ್ನು ಮುಟ್ಟಬಾರದು. ಜನ ಏನು ಬಿಡುತ್ತಾರೆ ಅಂತ ಗೊತ್ತಲ್ಲ! ನಮ್ಮವರು ಪಡವಲಕಾಯಿ ಬಿಟ್ಟರು. ಹುಟ್ಟಿದಾಗಿನಿಂದ ಪಡವಲಕಾಯಿ ಪಲ್ಯ ಕಂಡರೆ ತಟ್ಟೆ ದೂಡುವ ಮನುಷ್ಯ! ನಾನು ಹಾಗಲಕಾಯಿ ಬಿಟ್ಟೆ, ಇವತ್ತಿಗೂ ಆ ನೆಮ್ಮದಿಯಲ್ಲೇ ಬದುಕಿದ್ದೇನೆ. ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿರುವ ನಮ್ಮ ನಾದಿನಿ ಬೇಲದ ಹಣ್ಣು ಬಿಟ್ಟಳು. ಟೆಕ್ಸಸ್‌ನಲ್ಲಿ ಬೇಲದ ಹಣ್ಣು ಯಾವನು ತಂದುಕೊಡುತ್ತಾನೆ ಇವಳಿಗೆ? ಅತ್ತೆಯ ಸರದಿ ಬಂದಾಗ ಮಾತ್ರ ಅವರು ಒದ್ದೆ ಸೀರೆಯಲ್ಲೇ ನಿಂತು "ಕಾಫಿ" ಅಂದುಬಿಟ್ಟರು. ಹೊತ್ತು ಹೊತ್ತಿಗೆ ಕಾಫಿ ಬೀಳದಿದ್ದರೆ ತಲೆ ಸಿಡಿಯುತ್ತೆ ಅನ್ನುತ್ತಿದ್ದ ಹೆಂಗಸು! ಪುರೋಹಿತರಿಗೇ ಗಾಬರಿಯಾಗಿ, "ತಾಯೀ, ಇನ್ನೊಂದು ಸಲ ಯೋಚನೆ ಮಾಡಿ" ಅಂದರು. "ಬಿಟ್ಟೆ ಅಂದ್ರೆ ಬಿಟ್ಟೆ. ಪುಣ್ಯ ಅವರಿಗೆ ಸೇರ್ಲಿ. ನಾನೇನಾದ್ರೂ ತಪ್ಪಿದ್ರೆ ಅಲ್ಲಿ ಅವರು ತೊಂದ್ರೆ ಪಡ್ತಾರೆ" ಅಂದರು ಅತ್ತೆ. 

ಇಷ್ಟೆಲ್ಲ ಆದಮೇಲೆ ನಮ್ಮವರು ಒಂದು ಕ್ರಿಸ್‌ಮಸ್ ರಜೆಗೆ ಅಮ್ಮನಿಗೆ ಲೋಕ ತೋರಿಸುತ್ತೇನೆ ಅಂತ ಹೊರಟರು. ಕೋಸ್ಟರಿಕಾದಲ್ಲಿ ಬೆಟ್ಟದ ಮೇಲೆ ಒಂದು ಬುಟೀಕ್ ಹೋಟೆಲ್ಲಂತೆ. ಬುಟೀಕ್ ಅಂದರೆ ನನಗೆ ಗೊತ್ತಿದ್ದದ್ದು ಬ್ಲೌಸ್ ಹೊಲಿಯುವ ಅಂಗಡಿ. "ಹಾಗಲ್ವೇ, ರೂಮು ಕಮ್ಮಿ, ಮರ್ಯಾದೆ ಜಾಸ್ತಿ" ಅಂದರು. ತಿಂಗಳುಗಟ್ಟಲೆ ರಿವ್ಯೂ ಓದಿದರು. ವೆಜಿಟೇರಿಯನ್ ಸಿಗುತ್ತಾ, ಮೆಟ್ಟಿಲು ಎಷ್ಟು, ಅಮ್ಮನ ಮಂಡಿಗೆ ಬಾತ್‌ರೂಮಿನಲ್ಲಿ ಹಿಡಿಕೆ ಇದೆಯಾ, ಎಲ್ಲ ವಿಚಾರಿಸಿದರು. ಹೋಟೆಲ್ಲು ಇರುವುದು ಕಾಫಿ ತೋಟದ ನಟ್ಟನಡುವೆ ಅನ್ನುವುದೂ ಗೊತ್ತಿತ್ತು, ಅದಕ್ಕೇ ಖುಷಿಪಟ್ಟಿದ್ದರು. ಅಮ್ಮ ಕಾಫಿ ಬಿಟ್ಟವಳು ಅನ್ನುವುದೊಂದು ಹೊಳೆಯಲಿಲ್ಲ. ಹೊಳೆಯಲಿಲ್ಲ ಅಂತ ನಾನೂ ಬಯ್ಯುವ ಹಾಗಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಡ್ರೈವ್ ಮಾಡಿಕೊಂಡು ಹ್ಯೂಸ್ಟನ್‌ಗೆ ಹೋಗಿ, ನಾದಿನಿ ಕಟ್ಟಿಕೊಟ್ಟ ಚಪಾತಿ, ಚಟ್ನಿಪುಡಿ ಹೊತ್ತುಕೊಂಡು ವಿಮಾನ ಹತ್ತಿದೆವು. ಅಲ್ಲಿ ಇಳಿದ ಮೇಲೆ ಹೋಟೆಲ್ಲಿನ ಕಾರು ಬೆಟ್ಟ ಹತ್ತತೊಡಗಿತು. ಎರಡೂ ಕಡೆ ಗಿಡಗಳ ತುಂಬ ಕೆಂಪು ಹಣ್ಣು. ಅತ್ತೆ ಕಿಟಕಿಯಿಂದ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಇದು ಕಾಫಿ ಗಿಡ ಅಲ್ವೇನೋ?"

ನಮ್ಮವರ ಮುಖ ನೋಡಬೇಕಿತ್ತು ಆಗ! ಇಂಗು ತಿಂದ ಮಂಗ. "ಅಯ್ಯೋ ಅಮ್ಮಾ..." ಅಂತ ಹಣೆ ಚಚ್ಚಿಕೊಂಡರು. ಹೋಟೆಲ್ಲಿನ ಬಾಗಿಲಲ್ಲಿ ಒಬ್ಬಳು ಹುಡುಗಿ ನಗುತ್ತಾ ನಿಂತಿದ್ದಳು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಹೊಗೆಯಾಡುವ ಕಾಫಿ.

ಆ ಹೋಟೆಲ್ಲಿನಲ್ಲಿ ಕಾಫಿ ಇಲ್ಲದ ಜಾಗ ಯಾವುದು ಅಂತ ಹುಡುಕಬೇಕಿತ್ತು. ಬ್ರೆಡ್ಡಿನಲ್ಲಿ ಕಾಫಿ, ಜಾಮಿನಲ್ಲಿ ಕಾಫಿ, ದಿಂಬಿನ ಮೇಲಿಟ್ಟ ಚಾಕೊಲೇಟಿನಲ್ಲಿ ಕಾಫಿ. ಬಾತ್‌ರೂಮಿನ ಸೋಪಿನಲ್ಲಿ ಕೂಡ ಕಾಫಿ ಬೀಜದ ತರಿ. ಅತ್ತೆ ಸೋಪು ಮೂಸಿ ನೋಡಿ ಹೊರಗೆ ಬಂದು, "ಮೈಗೆ ಹಚ್ಚಿಕೊಂಡ್ರೆ ಬಿಟ್ಟ ಹಾಗೋ, ಕುಡಿದ ಹಾಗೋ?" ಅಂತ ಕೇಳಿದರು. ನನ್ನನ್ನೇನು ಕೇಳುತ್ತೀರಿ ಅತ್ತೆ, ನಿಮ್ಮ ಮಗನನ್ನು ಕೇಳಿ ಅಂದೆ. ಕೊನೆಗೆ ತಮ್ಮದೇ ಗಂಧದ ಸೋಪಿನಲ್ಲಿ ಸ್ನಾನ ಮುಗಿಸಿದರು. ಬೆಳಗಿನ ತಿಂಡಿಗೆ ಅನ್ನಕ್ಕೆ ಕಪ್ಪು ಕಾಳು ಕಲಸಿ ಕೊಟ್ಟಾಗ ಮಾತ್ರ ಮುಖ ಅರಳಿತು. "ಬೆಳಿಗ್ಗೆನೇ ಅನ್ನ ಹಾಕ್ತಾರೆ ಕಣೆ, ಮರ್ಯಾದಸ್ಥ ಜನ."

ಬೇರೆ ಹೋಟೆಲ್ಲಿಗೆ ಶಿಫ್ಟ್ ಆಗೋಣ ಅಂತ ನಮ್ಮವರು ಅಂದರೆ ಅತ್ತೆ ಒಪ್ಪಲಿಲ್ಲ. ಆಮೇಲೆ ನಾನು ಒಂದು ವಿಷಯ ಗಮನಿಸಿದೆ. ಹೂಬತ್ತಿ ಮಾಡುವುದಕ್ಕೆ ಅಂತ ಅವರು ಹತ್ತಿಯ ಪೊಟ್ಟಣ ತಂದಿದ್ದರು. ವರಾಂಡದಲ್ಲಿ ತಂಪಾದ ಕುರ್ಚಿಗಳಿದ್ದರೂ ಅದನ್ನೆಲ್ಲ ಬಿಟ್ಟು, ಕಾಫಿ ಬೀಜ ಹುರಿಯುವ ಕೋಣೆಯ ಹೊರಗಿನ ಕಟ್ಟೆಗೇ ಹೋಗಿ ಕೂರುತ್ತಿದ್ದರು. ಅಲ್ಲಿ ಬಿಸಿಲು, ಸೆಕೆ. "ಇಲ್ಲಿ ಗಾಳಿ ಚೆನ್ನಾಗಿದೆ" ಅನ್ನುತ್ತಿದ್ದರು. ಒಳಗಿನಿಂದ ಹುರಿದ ವಾಸನೆ ಬಂದಾಗ ಬತ್ತಿ ಹೊಸೆಯುವ ಬೆರಳು ನಿಂತುಹೋಗುತ್ತಿತ್ತು. ಪಾಪ ಅನ್ನಿಸಿತು. ಒಂದು ಲೋಟ ಕುಡಿದರೆ ಯಾವ ದೇವರು ಮುನಿಯುತ್ತಾನೆ ಅಂತ ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ. ಅವರಿಗೆ ಅದು ದೇವರ ಮಾತಲ್ಲ, ಮಾವನ ಮಾತು.

ಅಷ್ಟರಲ್ಲಿ ನಮ್ಮ ಮಗಳು ಓಡಿ ಬಂದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತೆ, ಬಾಯಿ ಬಿಟ್ಟರೆ ಇಂಗ್ಲಿಷು. "ಅಜ್ಜಿ! ದೇ ಸ್ಪಿಟ್ ಇಟ್ ಔಟ್!"

ಏನಂದರೆ, ಆ ಹೋಟೆಲ್ಲಿನಲ್ಲಿ ಅತಿಥಿಗಳಿಗೆ ಕಾಫಿಯ ರುಚಿ ನೋಡಿಸುವ ಒಂದು ಕಾರ್ಯಕ್ರಮ. ಸಾಲಾಗಿ ಕಪ್ಪುಗಳನ್ನಿಟ್ಟು, ಒಂದೊಂದರಿಂದ ಒಂದು ಚಮಚ ಸೊರ್ ಅಂತ ಬಾಯಿಗೆ ಎಳೆದುಕೊಂಡು, ನಾಲಿಗೆಯಲ್ಲೆಲ್ಲ ಆಡಿಸಿ, ಕುಡಿಯದೆ ಉಗಿದುಬಿಡುವುದು. ಅತ್ತೆ ಮೊಮ್ಮಗಳ ಮುಖವನ್ನೇ ನೋಡಿದರು. ಹತ್ತಿಯನ್ನು ಪೊಟ್ಟಣಕ್ಕೆ ಸೇರಿಸಿದರು. ಆಮೇಲೆ ಮೆಲ್ಲಗೆ ಮಗನಿಗೆ, "ಆಸ್ಟಿನ್ ಪುರೋಹಿತರಿಗೆ ಒಂದು ಫೋನ್ ಮಾಡು" ಅಂದರು.

ನಮ್ಮ ಗೃಹಪ್ರವೇಶ ಮಾಡಿಸಿದ ಆ ಪುರೋಹಿತರು ವಾರವೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಶನಿವಾರ ಭಾನುವಾರ ಪಂಚೆ ಉಟ್ಟು ಹೋಮಕ್ಕೆ ಕೂರುವವರು. ರಜೆಯಲ್ಲೂ ಮೀಟಿಂಗಿನಲ್ಲಿದ್ದರು. "ಒಂದ್ನಿಮಿಷ ಸಾರ್, ಮ್ಯೂಟ್ ಮಾಡ್ತೀನಿ. ಹೇಳಿ ಅಮ್ಮ, ಏನು ಸಮಸ್ಯೆ?" ಅತ್ತೆ ಎಲ್ಲ ವಿವರಿಸಿದರು. ಪುರೋಹಿತರು ನಿಜವಾಗಿಯೂ ಯೋಚನೆ ಮಾಡಿದರು. "ನೋಡಿ ಅಮ್ಮ, ಆಚಮನದ ನೀರು ಒಳಗೆ ಹೋಗ್ಬೇಕು, ಬಾಯಿ ಮುಕ್ಕಳಿಸಿದ ನೀರು ಹೊರಗೆ ಬರ್ಬೇಕು. ನೀವು ಕಾಶೀಲಿ ಬಿಟ್ಟಿದ್ದು ಸೇವನೆ. ಮುಕ್ಕಳಿಸೋದು ಸೇವನೆ ಅಲ್ಲ. ಆದ್ರೆ ಒಂದು ತೊಟ್ಟು ಗಂಟಲಿಗೆ ಇಳಿದ್ರೂ ಅದು ನಿಮ್ಮ ಹೊಣೆ, ನನ್ನದಲ್ಲ." ಹಿಂದಿನಿಂದ ಯಾರೋ ಅವರ ಹೆಸರು ಕರೆದರು, ಫೋನು ಕಟ್ಟಾಯಿತು.

ರುಚಿ ನೋಡುವ ಕೋಣೆಗೆ ಮಡಿಸೀರೆಯಲ್ಲಿ ಬಂದರು ಅತ್ತೆ. ಅಲ್ಲಿ ಇನ್ನೊಂದು ರಗಳೆ. ಎಲ್ಲರೂ ಬಾಯಿಗಿಟ್ಟ ಚಮಚವನ್ನೇ ಒಂದು ಲೋಟದ ನೀರಿನಲ್ಲಿ ಅದ್ದಿ, ಮತ್ತೆ ಅದೇ ಕಪ್ಪುಗಳಿಗೆ ಹಾಕುತ್ತಿದ್ದರು. "ಎಂಜಲು! ಎಲ್ಲರ ಎಂಜಲೂ ಒಂದೇ ಕಪ್ಪಲ್ಲಿ! ಶಿವ ಶಿವಾ, ಇವರಿಗೆ ಹೇಳೋರು ಕೇಳೋರು ಯಾರೂ ಇಲ್ವೇ?" ನಮ್ಮವರು ಕೈಕಾಲು ಹಿಡಿದು ಅಮ್ಮನಿಗೆ ಬೇರೆ ಕಪ್ಪು, ಬೇರೆ ಚಮಚ ಕೊಡಿಸಿದರು. ರುಚಿ ನೋಡಿಸುವ ಹೆಂಗಸು, ಗಾಳಿಯ ಜೊತೆ ಜೋರಾಗಿ ಎಳೆದುಕೊಳ್ಳಬೇಕು ಅಂತ ಮಾಡಿ ತೋರಿಸಿದಳು. ಅತ್ತೆ ಬಿಡುತ್ತಾರೆಯೇ? ತಲೆ ಹಿಂದಕ್ಕೆ ಚೆಲ್ಲಿ, ಚಮಚ ತುಟಿಗೆ ತಾಗದ ಹಾಗೆ ಮೇಲಿನಿಂದ ಎತ್ತಿ ಹುಯ್ದುಕೊಂಡರು. ಒಂದು ಹನಿ ಚೆಲ್ಲಲಿಲ್ಲ. ಪಕ್ಕದಲ್ಲಿದ್ದ ಅಮೆರಿಕನ್ ದಂಪತಿಗಳು ಚಪ್ಪಾಳೆ ತಟ್ಟಿಬಿಟ್ಟರು.

ಆದರೆ ಅತ್ತೆ ಉಗಿಯಲಿಲ್ಲ. ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಮುಚ್ಚಿಕೊಂಡು ನಿಂತೇ ಇದ್ದರು.  ನುಂಗಿಬಿಟ್ಟರೋ ಏನು ಕಥೆ! ಇಷ್ಟು ವರ್ಷ ಹಲ್ಲುಕಚ್ಚಿ ಕಾಪಾಡಿದ್ದು ನೀರುಪಾಲಾಗಿ, ಆಮೇಲೆ ಅದನ್ನೇ ನೆನೆದು ಕೊರಗುತ್ತಾರೆ, ಆ ಪಾಪ ನಮ್ಮ ತಲೆಗೆ. "ಅಮ್ಮಾ, ಉಗಿಯಮ್ಮಾ" ಅಂತ ನಮ್ಮವರು ಬೇಡಿಕೊಂಡರು. ಕಣ್ಣಿನ ತುದಿಯಿಂದ ನೀರು ಇಳಿದ ಮೇಲೆ ಅವರು ಬಗ್ಗಿ ಉಗಿದರು.

"ಹೇಗಿತ್ತಮ್ಮ?"

"ಥೂ, ಹುಳಿ! ಹಾಲಿಲ್ಲ, ಸಕ್ಕರೆ ಇಲ್ಲ, ಸೀದ ವಾಸನೆ ಬೇರೆ. ಥೇಟ್ ನಿಮ್ಮಪ್ಪ ಮಾಡ್ತಿದ್ದ ಕಾಫಿ ಕಣೋ."

"ಅಪ್ಪ ಕಾಫಿ ಮಾಡ್ತಿದ್ರಾ?" ಮಗನಿಗೇ ಗೊತ್ತಿರಲಿಲ್ಲ.

"ನೀವೆಲ್ಲ ಏಳೋ ಮುಂಚೆ. ದಿನಾ ಮೊದಲನೇ ಲೋಟ ನನಗೆ ಅವರೇ ಮಾಡಿಕೊಡ್ತಿದ್ರು. ಅಷ್ಟು ಕೆಟ್ಟ ಕಾಫಿ ಭೂಮಿ ಮೇಲೆ ಯಾರೂ ಮಾಡಿರಲಿಕ್ಕಿಲ್ಲ. ಒಂದು ದಿನಾನೂ ಉಗೀಲಿಲ್ಲ ನಾನು."

"ಮತ್ತೆ ಕಾಫಿನೇ ಯಾಕೆ ಬಿಟ್ಟೆ?"

"ಇವಳು ಮಾಡೋ ಕಾಫಿ ಚೆನ್ನಾಗಿರುತ್ತಲ್ಲೋ. ದಿನಾ ಅದನ್ನ ಕುಡೀತಾ ಕೂತಿದ್ರೆ ಅವರದ್ದು ಹೇಗಿತ್ತು ಅನ್ನೋದೇ ಮರೆತುಹೋಗ್ತಿತ್ತು."

ನನ್ನ ಕಾಫಿಗೆ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಸಂತೋಷಪಡೋಣ ಅಂದರೆ ಅಳು ಬಂತು. ನಮ್ಮವರು ಕಿಟಕಿಯ ಕಡೆ ತಿರುಗಿ ನಿಂತರು. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಆ ಹೆಂಗಸಿನ ಮುಂದೆ ಚಮಚ ಚಾಚಿ, ಕನ್ನಡದಲ್ಲೇ, "ಇದೇ ಕಾಫಿ ಇನ್ನೊಂದು ಚಮಚ ಹಾಕಮ್ಮ" ಅಂದರು.